ಸಾಹೇಬರು ಅರ್ಧ ಕೇಳಿದ ಗಣಿತ

ಓಬಳೆಪ್ಪನ ಮಗಳು ಅಂಜಲಿ ಗಣಿತದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಕೋಟ್ಯಂತರ ವರ್ಷಗಳ ಹಿಂದೆ ಭತ್ತದ ಪೂರ್ವಜ ಗಿಡದಲ್ಲಿ ಇಡೀ ಜೀನೋಮ್, ಅಂದರೆ ಜೀನ್‌ಗಳ ಗಂಟಿಗೆ ಗಂಟೇ, ಎರಡೆರಡಾಯಿತಂತೆ. ಆ ಜೋಡಿಗಳಲ್ಲಿ ಎಷ್ಟು ಉಳಿದವು, ಎಷ್ಟು ಅಳಿದವು ಎಂಬ ಲೆಕ್ಕ ಅವಳದು. ಗಂಗಾವತಿಯ ಕಾಲೇಜೊಂದರಲ್ಲಿ ಅವಳ ಉಪನ್ಯಾಸ ಎಂದಾಗ ಓಬಳೆಪ್ಪ ಹಿಗ್ಗಿ ಹೀರೇಕಾಯಿಯಾದ. ತಾನು ಜವಾನನಾಗಿದ್ದ ಬೀಜ ನೋಂದಣಿ ಕಚೇರಿಯ ಸಾಹೇಬ ಗೋವಿಂದರಾಜರನ್ನೇ ಮುಖ್ಯ ಅತಿಥಿಯಾಗಿ ಕರೆತಂದ. ಲಗ್ನವಾಗಲಿ ಗಣಿತವಾಗಲಿ, ಮುಖ್ಯ ಅತಿಥಿಯಿಲ್ಲದೆ ನಮ್ಮ ಕಡೆ ಶುರುವಾಗುವುದಿಲ್ಲ.

"ಜೀನ್ ಎರಡಾದ್ರ ಒಂದು ದುಡೀತೈತಿ, ಇನ್ನೊಂದು ಸುಮ್ಮನ ಕುಂದರತೈತಿ. ಕುಂತದ್ದು ಕೆಟ್ಟುಹೋಗ್ತೈತಿ," ಎಂದಳು ಅಂಜಲಿ. "ನಮ್ಮಪ್ಪನ ಕಚೇರ್ಯಾಗ ಇಬ್ಬರು ಜವಾನರದಾರಲ್ರಿ, ಹಂಗ."

ಸಭೆ ನಕ್ಕಿತು. ಓಬಳೆಪ್ಪನೂ ನಕ್ಕ. ಸಾಹೇಬರು ಮಾತ್ರ ಬರೆದುಕೊಂಡರು. ಅಷ್ಟರಲ್ಲಿ ಶಾಲು, ಹಣ್ಣಿನ ಬುಟ್ಟಿ ಬಂದವು. ಹೊದಿಸಿಕೊಂಡವರೇ "ಇನ್ನೊಂದು ಕಾರ್ಯಕ್ರಮ ಐತ್ರಿ" ಎಂದು ಎದ್ದುಹೋದರು. ಕೊನೆತನಕ ಕೂತರೆ ಮುಖ್ಯ ಅತಿಥಿಗೆ ಬೇರೆ ಕೆಲಸವಿಲ್ಲವೆಂದು ಜನ ತಿಳಿಯುತ್ತಾರಲ್ಲ! ಉಪನ್ಯಾಸದ ಉಳಿದರ್ಧ ಖಾಲಿ ಕುರ್ಚಿಯ ಪಾಲಾಯಿತು.

ಸೋಮವಾರ ಆದೇಶ ಬಂತು: ಓಬಳೆಪ್ಪನದು ಹೆಚ್ಚುವರಿ ಹುದ್ದೆ, ಕುಷ್ಟಗಿಗೆ ವರ್ಗ.

"ನಿನ್ನ ಮಗಳ ಹೇಳ್ಯಾಳಲ್ಲೋ," ಎಂದರು ಸಾಹೇಬರು.

ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಓಬಳೆಪ್ಪ ದಿನಾ ಬಸ್ಸಿನಲ್ಲಿ ಜೋತಾಡಿ ಹೈರಾಣಾದ. ಅವನ ಮುಖ ನೋಡಿ ಅಂಜಲಿ ಊಟ ಬಿಟ್ಟಳು. ಅದರಿಂದ ಅವನಿಗೆ ಬಸ್ಸಿಗಿಂತ ಹೆಚ್ಚು ನೋವಾಯಿತು.

ಹದಿನೈದೇ ದಿನದಲ್ಲಿ ಸಾಹೇಬರ ಫೋನು ಬಂತು: ಮಗಳನ್ನು ಕರೆದುಕೊಂಡು ಬಾ. ಕಚೇರಿಯ ಕೆಲಸ ನಿಂತೇ ಹೋಗಿತ್ತು. ಐದು ವರ್ಷ ಕೆಲಸ ಹಂಚಿಕೊಂಡ ಇಬ್ಬರು ಜವಾನರಲ್ಲಿ ಓಬಳೆಪ್ಪ ಚಹಾ ಮಾಡುವುದನ್ನು ಮರೆತಿದ್ದ, ಇನ್ನೊಬ್ಬ ಸಿದ್ದಲಿಂಗೇಶ ಕಡತಗಳ ಕೋಣೆಯನ್ನು ಮರೆತಿದ್ದ. ಈಗ ಚಹಾ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಕಡತ ಒಂದೂ ಬರುತ್ತಿರಲಿಲ್ಲ.

"ಅದನ್ನ ಉಳಿದರ್ಧದಾಗ ಹೇಳಿದ್ದೆರಿ," ಎಂದಳು ಅಂಜಲಿ. "ಎರಡೂ ಜೀನು ಒಂದೊಂದು ಬ್ಯಾರೆ ಕೆಲಸ ಮರೆತ್ರ, ಆಮ್ಯಾಲ ಎರಡೂ ಬೇಕಾಗ್ತಾವು. ಆ ಜೋಡಿ ಉಳೀತೈತಿ."

"ಮೊದಲ ಹೇಳಬಾರದೇನವಾ?"

"ಶಾಲು ಮೊದಲ ಬಂತಲ್ರಿ."

ಓಬಳೆಪ್ಪನ ವರ್ಗ ರದ್ದಾಯಿತು. ಆ ಸಂಜೆ ಅವನೇ ಒಲೆ ಹಚ್ಚಿ, ಶುಂಠಿ ಜಜ್ಜಿ, ಚಹಾ ಮಾಡಿ ಮಗಳ ಕೈಗಿಟ್ಟ. ಅವಳು ಒಂದು ಗುಟುಕು ಕುಡಿದು ಕಣ್ಣರಳಿಸಿದಳು.

"ಕುಷ್ಟಗ್ಯಾಗ ಕಲ್ತೆ." ಓಬಳೆಪ್ಪ ಎದ್ದು ಬಾಗಿಲು ಹಾಕಿ ಬಂದ. "ಎರಡೂ ಕೆಲಸ ನನಗ ಬರ್ತಾವಂತ ಸಾಹೇಬ್ರಿಗೆ ಗೊತ್ತಾದ್ರ ಸಿದ್ದಲಿಂಗೇಶನ್ನ ಅಲ್ಲಿಗೆ ಹಾಕ್ತಾರ, ಅವನ ಮಕ್ಕಳು ಇಲ್ಲೇ ಸಾಲಿಗೆ ಹೋಗ್ತಾವು. ಇದನ್ನ ನಿನ್ನ ಲೆಕ್ಕದಾಗ ಹಿಡೀಬ್ಯಾಡವಾ."