ಮೇಸ್ತ್ರಿಯ ಅಂಗಿ

ಕುರ್ಚಿಯಲ್ಲಿ ಕೂರಿಸಿದ್ದ ಅಪ್ಪನ ತಲೆ ಮತ್ತೆ ಮತ್ತೆ ಎದೆಗೆ ವಾಲುತ್ತಿತ್ತು. ರುದ್ರೇಶ ಹಣೆಗೆ ಬಟ್ಟೆಯ ಪಟ್ಟಿ ಕಟ್ಟಿ ಹಿಂದಿನ ಕಿಟಕಿಯ ಸರಳಿಗೆ ಬಿಗಿದ. ವಿಭೂತಿ ಬಳಿದ ಮುಖ ನೆಟ್ಟಗಾಯಿತು. ಪುಸ್ತಕದಂಗಡಿ ಚಂದ್ರಶೇಖರಪ್ಪನವರು ಕೊನೆಯ ಸಲ ಗಿರಾಕಿಗಳ ಕಡೆ ಮುಖ ಮಾಡಿ ಕುಳಿತರು.

ಆಲ್ದೂರಿನ ಅರ್ಧ ಊರು ಅಂಗಳದಲ್ಲಿತ್ತು. ಎಲ್ಲರೂ ಅವರ ಓದುಗರೇ. ಪಾಳೆಯಗಾರರ ಜಗಳ, ಘಾಟಿಯ ದರೋಡೆ, ಎಸ್ಟೇಟಿನ ಕೊಲೆ, ಹೀಗೆ ಅವರು ಬರೆದದ್ದೆಲ್ಲ ಕಳಸದಿಂದ ಬಣಕಲ್‌ವರೆಗೆ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಬಾಳೆಗೊನೆಯ ಪಕ್ಕ ನೇತಾಡುತ್ತಿತ್ತು. ಏಳು ಸಲ ಅಚ್ಚಾದದ್ದು ಮಾತ್ರ ‘ಕೆಂಪು ಅಂಗಿಯ ಮೇಸ್ತ್ರಿ’.

“ಅದನ್ನ ಓದಿ ಮೂರು ದಿನ ತೋಟಕ್ಕೆ ಒಬ್ನೇ ಹೋಗಿರ್ಲಿಲ್ಲ ಮಾರಾಯ,” ಎಂದ ಬಣಕಲ್‌ನಲ್ಲಿ ಅಂಗಡಿ ಇಟ್ಟಿರುವ ನಂದನ್. “ಆ ಬೆಳ್ಳಿಯಪ್ಪ ರಕ್ತದ ಅಂಗೀಲಿ ಮಳೇಲಿ ನಡ್ಕೊಂಡು ಬರೋದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.”

ಅವನ ಬೆನ್ನ ಹಿಂದೆಯೇ ಬೆಳ್ಳಿಯಪ್ಪನ ಮಗಳು ವಿಮಲಮ್ಮ ನಿಂತಿದ್ದರು. ಅಲ್ಲಿ ಅವರ ಗುರುತು ಇದ್ದದ್ದು ಸತ್ತವರ ಹೆಂಡತಿ ಸರ್ವಮಂಗಳಾ ಒಬ್ಬರಿಗೇ.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೊಲೆಯಾದ ದಿನ, ಅಲ್ಲಿ ಆಳುಗಳ ಮೇಸ್ತ್ರಿಯಾಗಿದ್ದ ಬೆಳ್ಳಿಯಪ್ಪನ ಅಂಗಿ ರಕ್ತವಾಗಿದ್ದದ್ದು ನಿಜ. ಪೊಲೀಸರು ಎರಡೇ ದಿನಕ್ಕೆ ಅವನನ್ನು ಬಿಟ್ಟರು. ಇಪ್ಪತ್ತು ವರ್ಷದ ಮೇಲೆ ಅವನನ್ನೇ ಕೊಲೆಗಾರನಾಗಿಸಿ ಬಂದ ಪುಸ್ತಕ ಬಿಡಲಿಲ್ಲ. ಅವನು ಸತ್ತಾಗ ಹೆಣ ಹೊರಲು ನಾಲ್ಕು ಜನ ಸಿಗದೆ ಮಗಳೇ ಹೆಗಲು ಕೊಟ್ಟಿದ್ದರು.

*

ಹೋದ ತಿಂಗಳು ವಿಮಲಮ್ಮ ಅಂಗಡಿಗೇ ಬಂದಿದ್ದರು.

“ಅಪ್ಪನ ಹೊಟ್ಟೆಗೆ ಇಂಬಳ ಕಚ್ಚಿತ್ತು ಸಾರ್. ಮಳೆಗಾಲದಲ್ಲಿ ತೋಟಕ್ಕೆ ಇಳಿದೋರಿಗೆ ರಕ್ತ ಹೀರೋ ಇಂಬಳ ಹತ್ತಲ್ವಾ? ನಿಮ್ಗೆ ಗೊತ್ತಿರ್ಲಿಲ್ವಾ?”

ಚಂದ್ರಶೇಖರಪ್ಪನವರು ಬಹಳ ಹೊತ್ತು ಕೆಮ್ಮಿದರು. “ಗೊತ್ತಿತ್ತು ಕಣಮ್ಮ. ಬೆಳ್ಳಿಯಪ್ಪ ನಂಗೇ ಹೇಳಿದ್ದ. ಇಂಬಳ ಅಂತ ಬರೆದ್ರೆ ಯಾರು ಓದ್ತಾರೆ? ಆದ್ರೆ ಇಲ್ಲಿ ಇಂಬಳ ಕಾಣದೋರು ಯಾರಿದಾರೆ ಹೇಳು! ಇದು ಇಂಬಳದ ರಕ್ತ ಅಲ್ವಾ ಅಂತ ಒಬ್ರಾದ್ರೂ ಕೇಳ್ತಾರೆ ಅಂದ್ಕೊಂಡಿದ್ದೆ. ಒಬ್ರೂ ಕೇಳ್ಲಿಲ್ಲ.”

ಆಮೇಲೆ ಹಾಳೆ ಎಳೆದುಕೊಂಡು, ಬೆಳ್ಳಿಯಪ್ಪ ನಿರಪರಾಧಿ, ತಪ್ಪು ನನ್ನದು ಎಂದು ಬರೆದು ಸಹಿ ಹಾಕಿದರು.

“ಕೊಡಿ ಸಾರ್, ನಾನೇ ಇಟ್ಕೊಳ್ತೀನಿ.”

“ಬೇಡಮ್ಮ, ಪ್ರೆಸ್ಸಿಗೆ ಬೇಕು. ಹೊಸ ಪ್ರಿಂಟಿಗೆ ಇದೇ ಮೊದಲ್ನೇ ಪುಟ,” ಎಂದು ಅದನ್ನು ಆ ಪುಸ್ತಕದ ತಮ್ಮ ಸ್ವಂತ ಪ್ರತಿಯೊಳಗೆ ಮಡಚಿಟ್ಟರು. ಕಾಫಿ ತಂದ ಸರ್ವಮಂಗಳಾ ಎಲ್ಲವನ್ನೂ ನೋಡುತ್ತ ನಿಂತಿದ್ದರು.

*

ಮಧ್ಯಾಹ್ನ ಮಳೆ ಕೊಂಚ ಬಿಟ್ಟಿತು. ಕೂತ ಭಂಗಿಯಲ್ಲೇ ಚಂದ್ರಶೇಖರಪ್ಪನವರನ್ನು ಗುಂಡಿಗೆ ಇಳಿಸಿ, ಎಡಗೈಯಲ್ಲಿ ಲಿಂಗ ಇಟ್ಟರು. ವಿಧಿ ನಡೆಸುತ್ತಿದ್ದ ಅಯ್ನೋರು ಬಿಲ್ವಪತ್ರೆ ಕೇಳಿದರು. ರುದ್ರೇಶ ಬಗಲಿನಿಂದ ಪುಸ್ತಕ ತೆಗೆದ. ಅಪ್ಪನ ದಿಂಬಿನ ಪಕ್ಕ ಇರುತ್ತಿದ್ದ, ಅಂಚು ಸವೆದ ಅದೇ ಪ್ರತಿ.

“ಇದೂ ಅವ್ರ ಜೊತೆಗೇ ಹೋಗ್ಲಿ.”

ವಿಮಲಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದರು. “ಬೇಡಪ್ಪ, ಅದ್ರೊಳಗೆ ಒಂದು ಕಾಗದ ಇದೆ. ನಿಮ್ಮ ತಂದೇರು ನಂಗಾಗಿ ಬರೆದಿದ್ದು. ಅಮ್ಮನ್ನ ಕೇಳಿ, ಅವ್ರಿಗೆ ಗೊತ್ತು.”

ರುದ್ರೇಶ ತಾಯಿಯ ಕಡೆ ತಿರುಗಿದ. “ಏನಿದೆಯಮ್ಮಾ ಇದ್ರಲ್ಲಿ?”

ಸರ್ವಮಂಗಳಾ ಸುತ್ತ ನಿಂತ ಊರನ್ನು ನೋಡಿದರು. ಗುಂಡಿಯೊಳಗಿನ ಬಿಳಿ ಮುಖ ನೋಡಿದರು. ವಿಮಲಮ್ಮನ ಮುಖ ಮಾತ್ರ ನೋಡಲಾಗಲಿಲ್ಲ.

“ಏನೂ ಇಲ್ಲ. ಇಡು.”

ರುದ್ರೇಶ ಗುಂಡಿಗಿಳಿದು ಪುಸ್ತಕವನ್ನು ಅಪ್ಪನ ತೊಡೆಯ ಮೇಲಿಟ್ಟ. ಮೇಲೆ ವಿಭೂತಿ ಬಿತ್ತು, ಪತ್ರೆ ಬಿತ್ತು. ಅವನು ಹತ್ತಿ ಬಂದ ಮೇಲೆ ಜನ ಸಾಲಾಗಿ ಮಣ್ಣು ಹಾಕತೊಡಗಿದರು.

“ಅಯ್ಯೋ, ರಕ್ತ!” ಎಂದು ರುದ್ರೇಶನ ಹೆಂಡತಿ ದೀಪಶ್ರೀ ಚೀರಿದಳು.

ಅವನ ಬಿಳಿ ಪಂಚೆಯ ಮೇಲೆ, ಮೊಣಕಾಲಿನ ಹತ್ತಿರ, ಅಂಗೈಯಗಲ ಕೆಂಪು ಹರಡಿತ್ತು.

ನಂದನ್ ಬಗ್ಗಿ ನೋಡಿದ. “ಇಂಬಳ ಮಾರಾಯ್ತಿ, ಹೆದ್ರಬೇಡ. ಒಂಚೂರು ಸುಣ್ಣ ಹಚ್ಚಿದ್ರೆ ನಿಂತೋಗುತ್ತೆ.”

ಎಲೆಯಡಿಕೆ ಚೀಲದಿಂದ ಯಾರೋ ಸುಣ್ಣ ಕೊಟ್ಟರು. ಜನ ಮತ್ತೆ ಮಣ್ಣಿನ ಕಡೆ ತಿರುಗಿದರು. ಆ ಪಂಚೆಯನ್ನು ಎರಡನೇ ಸಲ ಯಾರೂ ನೋಡಲಿಲ್ಲ.

ವಿಮಲಮ್ಮ ನೋಡುತ್ತಲೇ ಇದ್ದರು. ಸರದಿ ಬಂದು, ದಾಟಿ, ಗುಂಡಿ ತುಂಬಿದರೂ ಅವರ ಮುಷ್ಟಿಯ ಮಣ್ಣು ಮುಷ್ಟಿಯಲ್ಲೇ ಇತ್ತು.