ಹಾಲುಕ್ಕಿಸಿದ ಮನೆ

“ಅಗ್ರಿಮೆಂಟ್ ಬೇಕಂತೆ ಮುಂಡೇದಕ್ಕೆ. ಇವತ್ತು ಬರ್ಕೊಟ್ರೆ ನಾಳಿಕ್ಕೆ ಶೆಡ್ಡೇ ನಂದು ಅಂತೀಯ. ಓಗು ಅತ್ಲಾಗೆ, ಒಸ್ಲು ತುಳೀಬೇಡ, ಈಗಷ್ಟೇ ಪೂಜೆ ಆಗೈತೆ.”

ಹೀಗೆ ಗದರಿದ ಪಟ್ಟಂದೂರು ಅಗ್ರಹಾರದ ಚಿಕ್ಕಬೈರಪ್ಪ ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಶೆಡ್ಡು ಬೆಳೆಯುತ್ತಾನೆ. ಮೂವತ್ತಾರು ತಗಡಿನ ಗೂಡು, ಎಲ್ಲಕ್ಕೂ ಸೇರಿ ಎರಡು ಬಚ್ಚಲು. ಬೈಸಿಕೊಂಡವಳು ಅಂಥದೊಂದು ಗೂಡಿನಲ್ಲಿ ನಾಲ್ಕು ವರ್ಷದಿಂದ ಇರುವ ಕೊಪ್ಪಳದ ಕಡೆಯ ಹುಲಿಗೆವ್ವ. ಅವಳು ಐಟಿ ಪಾರ್ಕಿನಲ್ಲಿ ಗಾಜು ಒರೆಸುತ್ತಾಳೆ, ಗಂಡ ಗದಿಗೆಪ್ಪ ಗಾರೆ ಕಲಸುತ್ತಾನೆ. ಮಗಳು ಹೋದ ತಿಂಗಳು ದೊಡ್ಡವಳಾದಳು. ಬಚ್ಚಲಿಗೆ ಚಿಲಕವಿಲ್ಲ. ಮಗಳು ಸ್ನಾನ ಮಾಡುವಾಗಲೆಲ್ಲ ಹುಲಿಗೆವ್ವ ಹೊರಗೆ ನಿಂತು ಬಾಗಿಲನ್ನು ಅಂಗೈಯಿಂದ ಒತ್ತಿ ಹಿಡಿಯಬೇಕು. ಒಂದು ದಿನ ಪಾಳಿ ಮುಗಿಸಿ ಬರುವುದು ತಡವಾದರೆ ಅಂದು ಹುಡುಗಿಗೆ ಸ್ನಾನವೇ ಇಲ್ಲ.

ಕೂಲಿಯವರಿಗೆಂದೇ ಸರ್ಕಾರ ಕೆರೆಯ ಪಕ್ಕ ನಲವತ್ತು ಮನೆ ಕಟ್ಟಿಸಿತ್ತು. ಅರ್ಧ ಬಾಡಿಗೆ ಸರ್ಕಾರದ್ದು, ಅರ್ಧ ಇರುವವರದ್ದು. ಹುಲಿಗೆವ್ವ ಅರ್ಜಿ ಹಿಡಿದು ಅಧಿಕಾರಿ ಅಂಬರೀಶ್ ಅವರ ಮೇಜಿನ ಮುಂದೆ ನಿಂತಳು.

“ಬಾಡಿಗೆಗೆ ಇದ್ದೀರಿ ಅನ್ನೋಕೆ ಅಗ್ರಿಮೆಂಟ್ ಎಲ್ಲಮ್ಮ?”

“ಕೊಡವಲ್ಲರೀ ಅಂವಾ.”

“ಹಾಗಾದ್ರೆ ನೀವು ಬಾಡಿಗೆಗೆ ಇಲ್ಲ ಅಂತಾಯ್ತು. ಬಾಡಿಗೆಗೆ ಇಲ್ಲದವರಿಗೆ ಬಾಡಿಗೆ ಮನೆ ಹೆಂಗೆ ಕೊಡೋದು?”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಹುಲಿಗೆವ್ವ ಆ ಪೂಜಾರಿಯ ಬಾಗಿಲಿಗೆ ಆರು ಸಲ ನಡೆದಳು. ಏಳನೆಯ ಸಲ ಹೋದಾಗ ಅಂಬರೀಶ್ ಅರ್ಜಿ ನೋಡಲಿಲ್ಲ, ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಯಜಮಾನ್ರು ಇದ್ದಾರಾ? ಒಬ್ಳೇ ಮಗಳಾ? ಒಳ್ಳೇದಾಯ್ತು. ನಾಳೆ ಬೆಳಿಗ್ಗೆ ಮೂರೂ ಜನ ಬನ್ನಿ. ಒಳ್ಳೆ ಸೀರೆ ಉಟ್ಕೊಳ್ಳಿ, ತೀರಾ ಒಳ್ಳೇದು ಬೇಡ. ಹಾಲುಕ್ಕಿಸೋಕೆ ಪಾತ್ರೆ ತನ್ನಿ.”

“ಮನಿ ಕೊಡ್ತೀರೇನ್ರಿ?”

“ಮಂತ್ರಿಗಳೇ ಕೈಯಾರೆ ಕೀಲಿ ಕೊಡ್ತಾರೆ. ಸುಮ್ನೆ ಬನ್ನಿ.”

ಮಂತ್ರಿಯೇ ಕೊಡುವಾಗ ಇನ್ನೇನು ಕೇಳುವುದು? ಅವಳು ಆ ಸಂಜೆಯೇ ಶೆಡ್ಡು ಬಿಡುವುದಾಗಿ ಹೇಳಿದಳು. “ಬಿಡು, ನನ್ನ ಶೆಡ್ಡಿಗೆ ಜನಕ್ಕೇನು ಬರವಾ?” ಎಂದ ಚಿಕ್ಕಬೈರಪ್ಪ. ಮರುದಿನ ಬೆಳಿಗ್ಗೆ ಇವರು ಗಂಟುಮೂಟೆ ಹೊತ್ತು ಹೊರಬೀಳುವ ಮೊದಲೇ ಒಡಿಶಾದ ಸಂಸಾರವೊಂದು ಟ್ರಂಕು ಹಿಡಿದು ಬಾಗಿಲಲ್ಲಿ ನಿಂತಿತ್ತು.

ಮಂತ್ರಿಗಳು ಬಂದರು. ಮಗಳಷ್ಟೇ ಎತ್ತರದ ಥರ್ಮೋಕೋಲಿನ ಕೀಲಿಯನ್ನು ಹುಲಿಗೆವ್ವನ ಕೈಗಿತ್ತರು. ಎರಡನೆಯ ಮಹಡಿಯ ಮನೆಯಲ್ಲಿ ಅವಳು ದೀಪ ಹಚ್ಚಿ, ಒಲೆಯ ಮೇಲೆ ಹಾಲಿಟ್ಟಳು. ಹಾಲು ಮೂಡಣಕ್ಕೇ ಉಕ್ಕಿತು. ಅವಳು ಕೈಮುಗಿಯುವಷ್ಟರಲ್ಲಿ ಫೋಟೋದವನು, “ಮೇಡಂ, ಇನ್ನೊಂದ್ಸಲ ಉಕ್ಕಿಸಿ, ಸಾಹೇಬ್ರ ಮುಖ ಸರಿಯಾಗಿ ಬಂದಿಲ್ಲ” ಎಂದ. ಹೀಗೆ ಮೂರು ಸಲ ಉಕ್ಕಿಸಿದ್ದಾಯಿತು. ಮೂರನೆಯ ಸಲಕ್ಕೆ ನೀರು ಬೆರೆಸಬೇಕಾಯಿತು. ಮಂತ್ರಿಗಳ ಮುಖ ಆಗ ಸರಿಯಾಗಿ ಬಂತು.

ಕೆಳಗೆ ಭಾಷಣ ನಡೆಯುವಾಗ ಮಗಳು ಬಚ್ಚಲಿಗೆ ಹೋದಳು. ಹುಲಿಗೆವ್ವ ರೂಢಿಯಂತೆ ಹೊರಗೆ ನಿಂತು ಬಾಗಿಲಿಗೆ ಅಂಗೈ ಒತ್ತಿದಳು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು. ಅವಳು ಕೈ ತೆಗೆದಳು. ತಡೆಯಲಾರದಷ್ಟು ಅಳು ಬಂತು, ನೆಲಕ್ಕೆ ಕೂತು ಅತ್ತಳು.

ಕಾರುಗಳೆಲ್ಲ ಹೋದ ಮೇಲೆ ಅಂಬರೀಶ್ ಬಂದರು. “ಆಯ್ತಲ್ಲಮ್ಮ, ನಡೀರಿ. ಬೀಗ ಹಾಕ್ಬೇಕು.”

“ಎಲ್ಲಿಗ್ರಿ?”

“ನಿಮ್ಮನೆಗೆ. ಇದು ಸಾಂಕೇತಿಕ ಹಸ್ತಾಂತರ ಅಷ್ಟೇ. ಪಟ್ಟಿ ಇನ್ನೂ ಆಗಿಲ್ಲ. ನೀವು ಅಗ್ರಿಮೆಂಟ್ ತಂದ್ರೆ ನಿಮ್ಮ ಅರ್ಜೀನೂ ನೋಡೋಣ.”

ಗದಿಗೆಪ್ಪ ಬಗ್ಗಿ ಗಂಟಿಗೆ ಕೈ ಹಾಕಿದ. ಏಳು ಎಂದರೆ ಏಳುವುದು ಅವನಿಗೆ ಅಭ್ಯಾಸ.

“ಇಡು ಕೆಳಗ,” ಎಂದಳು ಹುಲಿಗೆವ್ವ. ಅಧಿಕಾರಿಯ ಕಡೆ ತಿರುಗಿದಳು. “ಹಾಲುಕ್ಕಿಸಿದ ಮನಿಯಾಗ ಆ ರಾತ್ರಿ ಮಲಗಬೇಕ್ರಿ. ಹಚ್ಚಿದ ದೀಪ ಬಿಟ್ಟು ಹೊಂಟ್ರ ಮನಿಗೆ ಕೇಡು. ನಿಮ್ಮನ್ಯಾಗ ಹಂಗ ಮಾಡಿದ್ರೇನು?”

ಹೋದ ವರ್ಷ ಮಾರತ್ತಹಳ್ಳಿಯ ತಮ್ಮ ಹೊಸ ಫ್ಲಾಟಿನಲ್ಲಿ ಹಾಲುಕ್ಕಿಸಿ, ಕರೆಂಟೇ ಇಲ್ಲದೆ ಸೊಳ್ಳೆ ಹೊಡೆಯುತ್ತ ಇಡೀ ರಾತ್ರಿ ಕಳೆದವರು ಅಂಬರೀಶ್.

“ಶಾಸ್ತ್ರ ಸರಿ ಕಣಮ್ಮ. ಆದ್ರೆ ಇದು ಫೋಟೋಗೆ ಉಕ್ಕಿಸಿದ್ದು.”

“ಫೋಟೋಕ್ಕಂತ ಹಾಲಿಗೆ ಗೊತ್ತೇನ್ರಿ?”

“ಪೊಲೀಸರನ್ನ ಕರೆಸ್ತೀನಿ ನೋಡು.”

“ಕರಸ್ರಿ. ಆ ಫೋಟೋದ ಭಾಡ್ಯಾನ್ನೂ ಕರಸ್ರಿ. ಹಾಲುಕ್ಕಿಸಿದಾಕೀನ ಜುಟ್ಟಾ ಹಿಡದು ಎಳೆಯೋದನ್ನೂ ತಕ್ಕೊಳ್ಳಲಿ.”

ಬಾಗಿಲು ಅಂಬರೀಶರ ಮೂಗಿನೆದುರೇ ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು. ಅವರು ಮೇಲಿನವರಿಗೆ ಫೋನು ಮಾಡಿದರು. “ನಾಳೆ ಎಲ್ಲಾ ಪೇಪರಲ್ಲೂ ಅದೇ ಫೋಟೋ ಬರ್ತಿದೆ, ಇವತ್ತೇ ಎತ್ತಿ ಹಾಕಿದ್ರೆ ನಮ್ಮ ಮಾನ ಏನಾಗ್ಬೇಕ್ರೀ? ಎರಡು ದಿನ ಸುಮ್ನಿರಿ,” ಎಂದು ಆ ಕಡೆಯವರು ಇವರನ್ನೇ ಬೈದರು. ಬಾಗಿಲಾಚೆ ಹುಲಿಗೆವ್ವನೂ ಶೆಡ್ಡಿನ ಯಾವಳೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದಳು.

“ಹ್ಞೂಂ, ಹಾಲು ತಗೊಂಡು ಬಾ. ಎಲ್ಲಾರಿಗೂ ಹೇಳು.”

ಹಾಲು ಮುಗಿದಿರಬೇಕು ಎಂದುಕೊಂಡು ಅಂಬರೀಶ್ ಮೆಟ್ಟಿಲಿಳಿದು ಶಾಮಿಯಾನದವರ ಲೆಕ್ಕ ನೋಡಲು ಕೂತರು.

ಲೆಕ್ಕ ಮುಗಿಸಿ ತಲೆಯೆತ್ತಿದಾಗ ಶಾಮಿಯಾನ ಬಿಚ್ಚುತ್ತಿದ್ದವರು ಕೆಲಸ ನಿಲ್ಲಿಸಿ ಗೇಟಿನ ಕಡೆ ನೋಡುತ್ತಿದ್ದರು. ಶೆಡ್ಡುಗಳ ಹೆಂಗಸರು ರಸ್ತೆಯುದ್ದಕ್ಕೂ ಬರುತ್ತಿದ್ದರು. ಕಂಕುಳಲ್ಲಿ ಮಗು, ತಲೆಯ ಮೇಲೆ ಚಾಪೆ, ಒಂದು ಕೈಯಲ್ಲಿ ಪಾತ್ರೆ, ಇನ್ನೊಂದರಲ್ಲಿ ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ಟು. ಕಾವಲುಗಾರ ಓಡಿಬಂದು, “ಬಿಡೋದಾ ಸಾರ್?” ಎಂದ.

ಅಂಬರೀಶ್ ತಿರುಗಿ ಕಟ್ಟಡದ ಕಡೆ ನೋಡಿದರು. ಮಂತ್ರಿಗಳು ಇಣುಕಿ ನೋಡಲೆಂದು ಬೆಳಿಗ್ಗೆ ತೆರೆದಿಟ್ಟಿದ್ದ ಉಳಿದ ಮೂವತ್ತೊಂಬತ್ತು ಬಾಗಿಲುಗಳೂ ತೆರೆದೇ ಇದ್ದವು.