ಲೋಲಕ್ಕ ಸ್ಟೇಜ್ ಹತ್ತಿದ್ದು

ನಾನು ಕುಂಬ್ರದವ, ಹೆಸರು ಬಾವ; ಮರ್ಯಾದೆಗೆ ಕೆಲವರು ಬಾವಾಕ ಅನ್ನುತ್ತಾರೆ. ಶಾಮಿಯಾನ, ಕುರ್ಚಿ, ಸ್ಟೇಜ್ ಹಾಕುವುದು ನನ್ನ ಕೆಲಸ. ಪುತ್ತೂರು, ಸುಳ್ಯ, ಕಡಬ, ಎಲ್ಲಿ ಕಾರ್ಯಕ್ರಮ ಇದ್ದರೂ ಹತ್ತೊಂಬತ್ತು ವರ್ಷಗಳಿಂದ ನನಗೆ ಫೋನ್ ಬರುತ್ತದೆ. "ಬಾವ, ಕುರ್ಚಿ ಐನೂರು ಬೇಕು." ಅಷ್ಟೇ ಮಾತು. ಆ ಕುರ್ಚಿಯಲ್ಲಿ ಕೂರುವವರು ಯಾರು, ಕುರ್ಚಿಯವರೆಗೆ ಅವರು ಹೇಗೆ ಬರುತ್ತಾರೆ ಎಂದು ಒಬ್ಬರೂ ಕೇಳಿದ್ದಿಲ್ಲ. ನಾನೂ ಕೇಳಿದ್ದಿಲ್ಲ. ತಪ್ಪು ನನ್ನದೂ ಇದೆ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಈ ಸಲ ಕೋಡಿಂಬಾಳದ ಕಡೆಯ ಒಂದು ಶಾಲೆಯಲ್ಲಿ ಸುವರ್ಣ ಮಹೋತ್ಸವ. ಸಮಿತಿಯ ಅಧ್ಯಕ್ಷರು ವೆಂಕಪ್ಪ ಗೌಡರು. ಭಾನುವಾರ ಕಾರ್ಯಕ್ರಮ. ಗುರುವಾರ ಗೌಡರ ಎದುರು ನಾನು ಸ್ಟೇಜ್ ಕಟ್ಟುತ್ತಿದ್ದಾಗ ಹರಿಣಾಕ್ಷಿ ಬಂದಳು. ಪಂಚಾಯತಿನಲ್ಲಿ ಅಂಗವಿಕಲರ ಕೆಲಸ ನೋಡಿಕೊಳ್ಳುವ ಕಾರ್ಯಕರ್ತೆ ಅವಳು. ಅವಳದೇ ಬಲಗಾಲಿಗೆ ಬಲವಿಲ್ಲ, ಆದರೂ ಊರುಗೋಲು ಹಿಡಿದು ಮನೆಮನೆ ತಿರುಗುತ್ತಾಳೆ.

"ಗೌಡ್ರೆ, ಲೋಲಕ್ಕ ಬರುದಿಲ್ಲಂತೆ" ಎಂದಳು.

ಗೌಡರಿಗೆ ಸಿಟ್ಟು ನೆತ್ತಿಗೇರಿತು. "ಎಂತ? ಬರುದಿಲ್ವಾ? ಆಮಂತ್ರಣದಲ್ಲಿ ಹೆಸರು ಉಂಟು. ಪೇಟೆಯಲ್ಲಿ ಫ್ಲೆಕ್ಸ್ ಹಾಕಿ ಆಯ್ತು. ನಮ್ಮ ಮರ್ಯಾದೆ ಎಂತ ಆಗ್ಬೇಕು ಮಾರಾಯ್ತಿ?"

ಲೋಲಕ್ಕ ಅಂದರೆ ಲೋಲಾಕ್ಷಿ. ಇಪ್ಪತ್ತು ವರ್ಷ ಆ ಶಾಲೆಯಲ್ಲಿ ಬಿಸಿಯೂಟ ಮಾಡಿ ಬಡಿಸಿದವರು. ನಾಲ್ಕು ವರ್ಷದ ಹಿಂದೆ ರಿಕ್ಷಾ ಮಗುಚಿ ಬೆನ್ನುಮೂಳೆಗೆ ಪೆಟ್ಟಾಯಿತು. ಅಂದಿನಿಂದ ಗಾಲಿಕುರ್ಚಿ. ಮಹೋತ್ಸವದಲ್ಲಿ ಏಳು ಜನರಿಗೆ ಸನ್ಮಾನ. ಯಾರಿಗೆ ಮಾಡಬೇಕು ಎಂದು ಕೇಳಿದಾಗ ಹಳೆ ವಿದ್ಯಾರ್ಥಿಗಳು ಮೊದಲು ಬರೆದ ಹೆಸರೇ ಲೋಲಕ್ಕನದು.

ಮೂವರೂ ಅವರ ಮನೆಗೆ ಹೋದೆವು. ಮಗಳು ಭವಿತಾ ಚಾ ತಂದಿಟ್ಟಳು.

"ಎಂತಕ್ಕೆ ಹೀಗೆ ಹಟ ಅಕ್ಕ?" ಗೌಡರು ಕೇಳಿದರು. "ನಮ್ಮ ಹುಡುಗರು ನಾಲ್ಕು ಜನ ಇದ್ದಾರೆ. ಕುರ್ಚಿ ಸಮೇತ ಎತ್ತಿ ಸ್ಟೇಜಿನ ಮೇಲೆ ಇಡ್ತಾರೆ."

"ಎತ್ತುದೇ ಬೇಡ ಅಂತ ಬರುದಿಲ್ಲ ಹೇಳಿದ್ದು" ಎಂದರು ಲೋಲಕ್ಕ. "ಕಳೆದ ವರ್ಷ ಒಂದು ಸಮಾವೇಶಕ್ಕೆ ಕರೆದಿದ್ರು. ಹಾಗೆಯೇ ಎತ್ತಿದ್ರು. ಕುರ್ಚಿ ವಾಲಿತು, ಸೆರಗು ಜಾರಿತು. ಸರಿ ಮಾಡುವ ಅಂದ್ರೆ ಎರಡು ಕೈಯಲ್ಲೂ ಕುರ್ಚಿ ಗಟ್ಟಿ ಹಿಡ್ಕೊಂಡಿದ್ದೇನೆ. ಎದುರು ಕೂತವರೆಲ್ಲ ಮೊಬೈಲ್ ಎತ್ತಿದ್ರು. ಆ ವಿಡಿಯೋ ನನ್ನ ಮಗಳ ಕಾಲೇಜು ಗ್ರೂಪಿಗೂ ಬಂತು ಗೌಡ್ರೆ."

ನಾನು ಚಾ ಲೋಟ ಕೆಳಗಿಟ್ಟೆ. ಆ ದಿನ ಎತ್ತಿದ ನಾಲ್ವರಲ್ಲಿ ನಾನೂ ಒಬ್ಬ. ಪುಣ್ಯದ ಕೆಲಸ ಮಾಡಿದೆ ಎಂದು ಮನೆಗೆ ಹೋಗಿ ಹೆಂಡತಿ ಹತ್ತಿರ ಹೇಳಿಕೊಂಡಿದ್ದೆ. ನಾಚಿಕೆಯಲ್ಲಿ ನನಗೆ ತಲೆ ಎತ್ತಲಾಗಲಿಲ್ಲ.

"ನಿಮ್ಮ ಮೇಲೆ ಸಿಟ್ಟಿಲ್ಲ ಬಾವಾಕ. ನೀವು ಬೀಳಿಸ್ಲಿಲ್ಲ" ಎಂದು ಲೋಲಕ್ಕನೇ ಸಮಾಧಾನ ಹೇಳಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಗೌಡರು ಇನ್ನೊಂದು ದಾರಿ ಹುಡುಕಿದರು. "ಹಾಗಾದ್ರೆ ಒಂದು ಕೆಲಸ. ನಾವೇ ಕೆಳಗೆ ಇಳ್ದು ಬಂದು ಶಾಲು ಹಾಕ್ತೇವೆ."

"ಬಾಕಿ ಆರು ಜನಕ್ಕೆ ಎಲ್ಲಿ ಹಾಕುದು?"

"ಅವರಿಗೆ... ಮೇಲೆ."

"ಇಪ್ಪತ್ತು ವರ್ಷ ಬಡಿಸಿದ್ದೇನೆ ಗೌಡ್ರೆ. ಒಂದು ಮಗುವನ್ನೂ ಸಾಲಿನಿಂದ ಆಚೆ ಕೂರಿಸಿ ಬಡಿಸ್ಲಿಲ್ಲ. ಎಲ್ಲ ಆದ ಮೇಲೆ, 'ಇನ್ನು ಯಾರಿಗೆ ಬಡಿಸ್ಲಿಕ್ಕೆ ಉಂಟು?' ಅಂತ ಕೇಳಿಯೇ ನಾನು ಉಣ್ಲಿಕ್ಕೆ ಕೂತದ್ದು. ಬೇಕಾದ್ರೆ ನಿಮ್ಮ ಮಗ ರೂಪೇಶನ ಹತ್ರ ಕೇಳಿ."

ವಾಪಸು ಬರುವಾಗ ಗೌಡರ ಮುಖ ಊದಿಕೊಂಡಿತ್ತು. "ಒಬ್ಬರಿಗೆ ಬೇಕಾಗಿ ಇಡೀ ಸ್ಟೇಜ್ ಬದಲು ಮಾಡ್ಲಿಕ್ಕೆ ಆಗ್ತದಾ?"

"ಒಬ್ಬರು ಅಂತ ಯಾರು ಹೇಳಿದ್ದು?" ಹರಿಣಾಕ್ಷಿ ಅಲ್ಲೇ ನಿಂತಳು. "ನಡೀಲಿಕ್ಕೆ ಕಷ್ಟ ಇರುವವರು ಈ ಊರಲ್ಲೇ ಮೂವತ್ತೆರಡು ಜನ ನನ್ನ ಪಟ್ಟಿಯಲ್ಲಿ ಇದ್ದಾರೆ. ನಿಮ್ಮ ಕಾರ್ಯಕ್ರಮದಲ್ಲಿ ಯಾರನ್ನಾದ್ರೂ ನೋಡಿದ್ದೀರಾ? ಬರುವ ಹಾಗೆ ಇದ್ರೆ ಅಲ್ವಾ ಬರುದು! ಮತ್ತೆ ಇದು ನೀವು ಮಾಡುವ ಉಪಕಾರ ಅಲ್ಲ. ಅಂಗವಿಕಲರ ಹಕ್ಕುಗಳಿಗೆ 2016ರ ಕಾಯ್ದೆ ಉಂಟು. ಎಲ್ಲರ ಹಾಗೆ ಸಭೆಗೆ ಬರುದು ಅವರ ಹಕ್ಕು."

ಮೈದಾನಕ್ಕೆ ಬಂದವಳೇ ಟೇಪು ತೆಗೆದಳು. "ರ‍್ಯಾಂಪು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಅಗಲ ನಾಲ್ಕು ಅಡಿ. ಎರಡೂ ಬದಿ ಹಿಡ್ಕೊಳ್ಳಲಿಕ್ಕೆ ಪೈಪು. ನಿಮ್ಮ ಸ್ಟೇಜ್ ಎಷ್ಟು ಎತ್ತರ ಬಾವಾಕ?"

"ನಾಲ್ಕು ಅಡಿ" ಎಂದೆ. ಲೆಕ್ಕ ಹಾಕಿ ಬೆಚ್ಚಿಬಿದ್ದೆ. "ನಲವತ್ತೆಂಟು ಅಡಿಯಾ! ಅದು ಸೀದಾ ಅಡುಗೆಕೋಣೆಗೆ ಹೋಗಿ ಮುಟ್ತದೆ ಮಾರಾಯ್ತಿ."

"ಸ್ಟೇಜನ್ನೇ ತಗ್ಗಿಸಿ."

"ಹಿಂದೆ ಕೂತವರಿಗೆ ಕಾಣುದು ಬೇಡ್ವಾ?" ಗೌಡರು ರೇಗಿದರು.

ಆಗ ನನಗೆ ಹೊಳೆಯಿತು. ಆ ಮೈದಾನ ಹಿಂದಕ್ಕೆ ಹೋದಹಾಗೆ ಸ್ವಲ್ಪ ಎತ್ತರ. ಎರಡು ಅಡಿ ಸ್ಟೇಜ್ ಇದ್ದರೂ ಕೊನೆಯ ಸಾಲಿಗೆ ಕಾಣುತ್ತದೆ. ಹೇಳಿದೆ. ಗೌಡರು ಬೈಕ್ ಹತ್ತಿ ಹೋದರು.

ಮರುದಿನ ಬೆಳಿಗ್ಗೆ ನಾನು ಬರುವ ಮೊದಲೇ ಅವರು ಮೈದಾನದಲ್ಲಿದ್ದರು. "ತಗ್ಗಿಸು ಬಾವ" ಎಂದರು. "ನಿನ್ನೆ ರೂಪೇಶನ ಹತ್ರ ಕೇಳಿದೆ. ಎರಡನೇ ಕ್ಲಾಸಲ್ಲಿರುವಾಗ ಒಂದು ದಿನ ಅವ ತಟ್ಟೆ ಮರ್ತು ಬಂದು, ನಾಚಿಕೆಯಲ್ಲಿ ಬಾಗಿಲ ಹಿಂದೆ ನಿಂತಿದ್ದನಂತೆ. ಲೋಲಕ್ಕ 'ಇನ್ನು ಯಾರಿಗೆ ಉಂಟು' ಅಂತ ಕೇಳಿದ್ದಕ್ಕೆ ಸಿಕ್ಕಿಬಿದ್ದದ್ದಂತೆ. ತನ್ನ ತಟ್ಟೆಯಲ್ಲೇ ಬಡಿಸಿದ್ರಂತೆ. ನನ್ನ ಮಗನ ಕಥೆ, ನನಗೇ ಗೊತ್ತಿಲ್ಲ ಮಾರಾಯ." ನಾನು ಸ್ಕ್ರೂ ಬಿಚ್ಚಲು ಶುರು ಮಾಡಿದೆ.

ಎರಡು ಅಡಿ ಸ್ಟೇಜು, ಇಪ್ಪತ್ತನಾಲ್ಕು ಅಡಿ ರ‍್ಯಾಂಪು. ಶನಿವಾರ ಸಂಜೆ ಜನ ಇಲ್ಲದ ಹೊತ್ತಲ್ಲಿ ಲೋಲಕ್ಕನನ್ನೇ ಕರೆಸಿ ನೋಡಿದೆವು. ಇದು ಹರಿಣಾಕ್ಷಿಯ ಹಟ. "ಯಾರಿಗೆ ಕಟ್ಟಿದ್ದೋ ಅವರ ಹತ್ರ ಕೇಳದೆ ಸರಿಯಾಗಿದೆ ಅಂತ ಹೇಳ್ಬೇಡಿ" ಎಂದಿದ್ದಳು.

ಅವಳು ಹೇಳಿದ್ದು ಒಳ್ಳೆಯದೇ ಆಯಿತು. ಗೇಟಿನ ಒಳಗೆ ಬಂದದ್ದೇ ಗಾಲಿ ನಿಂತಿತು. ಅತಿಥಿಗಳ ಮರ್ಯಾದೆಗೆಂದು ನಾನು ಹಾಸಿದ್ದ ಕೆಂಪು ಕಾರ್ಪೆಟ್ ಗಾಲಿಯ ಎದುರು ಮಡಚಿ ಮುದ್ದೆಯಾಗಿತ್ತು. ಅದನ್ನು ಸುತ್ತಿ ಲಾರಿಗೆ ಹಾಕಿದೆ. ಗಟ್ಟಿ ಮಣ್ಣಿನ ಮೇಲೆ ಕುರ್ಚಿ ಸರಾಗ ಓಡಿತು.

ಲೋಲಕ್ಕನಿಗೆಂದು ಜಾಗ ಇಟ್ಟದ್ದು ಎಲ್ಲಿ ಗೊತ್ತಾ? ಬದಿಯಲ್ಲಿ, ಸ್ಪೀಕರ್ ಬಾಕ್ಸಿನ ಪಕ್ಕ.

"ಇಲ್ಲಿ ಕೂತ್ರೆ ಕಿವಿ ಹೋಗ್ತದೆ" ಎಂದರು ಲೋಲಕ್ಕ. "ಮತ್ತೆ ಭವಿತಾ ಎಲ್ಲಿ ಕೂರುದು? ಅವಳು ಅಲ್ಲಿ, ನಾನು ಇಲ್ಲಿಯಾ?"

ಸಾಲು ಕದಡಬಾರದೆಂದು ನಾವು ಕುರ್ಚಿಗಳನ್ನು ಹಗ್ಗದಲ್ಲಿ ಕಟ್ಟುತ್ತೇವೆ. ಹಗ್ಗ ಬಿಚ್ಚಿದೆ. ಮೂರನೇ ಸಾಲಿನಲ್ಲಿ, ನಡುದಾರಿಯ ಪಕ್ಕ, ಎರಡು ಕುರ್ಚಿ ತೆಗೆದು ಗಾಲಿಕುರ್ಚಿಗೆ ಜಾಗ ಮಾಡಿದೆ. ಜೊತೆಗೆ ಬಂದವರಿಗೆ ಪಕ್ಕದಲ್ಲೇ ಒಂದು ಕುರ್ಚಿ. ಹಿಂದೆ ಮುಂದೆ ಬೇರೆ ಸಾಲುಗಳಲ್ಲೂ ಹಾಗೆಯೇ ಐದು ಕಡೆ ಮಾಡಿದೆ. ನಡುದಾರಿ ನಾಲ್ಕು ಅಡಿ ಬಿಟ್ಟೆ. ಶೌಚಾಲಯದ ಮೆಟ್ಟಿಲಿಗೂ ಸಣ್ಣ ರ‍್ಯಾಂಪು ಇಟ್ಟೆ. ಅದನ್ನು ನಾವೆಲ್ಲ ಮರೆತೇ ಬಿಟ್ಟಿದ್ದೆವು. ಮೂರು ಗಂಟೆ ಕೂರಬೇಕಾದವರಿಗೆ ಅದೇ ದೊಡ್ಡ ಚಿಂತೆ ಎಂದು ಲೋಲಕ್ಕ ಹೇಳಿದ ಮೇಲೆಯೇ ನಮಗೆ ಬುದ್ಧಿ ಬಂದದ್ದು.

ಭಾನುವಾರ ಲೋಲಕ್ಕ ಬಂದರು. ಹಸಿರು ಸೀರೆ, ಮಲ್ಲಿಗೆ. ಹೆಸರು ಕರೆದಾಗ ಯಾರೂ ಎತ್ತಲಿಲ್ಲ, ಯಾರೂ ನೂಕಲಿಲ್ಲ. ಎರಡೂ ಕೈಯಲ್ಲಿ ತಾವೇ ಗಾಲಿ ತಿರುಗಿಸುತ್ತಾ ರ‍್ಯಾಂಪು ಹತ್ತಿದರು. ಉಳಿದ ಆರು ಜನರಲ್ಲಿ ನಾಲ್ವರು ಮೆಟ್ಟಿಲು ಬಿಟ್ಟು ಅದೇ ರ‍್ಯಾಂಪಿನಲ್ಲಿ ಬಂದರು. ಗಂಟುನೋವಿನ ಗೌಡರೂ ಪೈಪು ಹಿಡಿದು ಅದರಲ್ಲೇ ಹತ್ತಿದರು. "ಒಬ್ಬರಿಗೆ ಬೇಕಾಗಿ ಮಾಡಿದ್ದಲ್ವಾ ಗೌಡ್ರೆ?" ಎಂದೆ. "ಬಾಯಿ ಮುಚ್ಚು ನೀನು" ಎಂದು ನಕ್ಕರು.

ಶಾಲು ಹೊದಿಸಿದ ಮೇಲೆ ಲೋಲಕ್ಕನ ಕೈಗೆ ಮೈಕ್ ಕೊಟ್ಟರು.

"ನನಗೆ ಭಾಷಣ ಬರುದಿಲ್ಲ. ಒಂದೇ ಕೇಳುದು. ಇನ್ನು ಯಾರಿಗೆ ಬಡಿಸ್ಲಿಕ್ಕೆ ಉಂಟು?"

ಹಳೆ ವಿದ್ಯಾರ್ಥಿಗಳೆಲ್ಲ, ಮೀಸೆ ಬಂದವರು, ಮಕ್ಕಳನ್ನು ಎತ್ತಿಕೊಂಡವರು, ಹಿಂದೆ ಊಟದ ಸಾಲಿನಲ್ಲಿ ಕೂಗುತ್ತಿದ್ದ ಹಾಗೆಯೇ ಕೂಗಿದರು: "ಎಲ್ಲರಿಗೂ ಆಯ್ತು ಲೋಲಕ್ಕಾ!"

ಗೌಡರು ಮಾತ್ರ ಕೂಗಲಿಲ್ಲ. ಅವರ ಕಣ್ಣು ಸಭೆಯ ಹಿಂದಕ್ಕೆ ಹೋಗಿತ್ತು. ಅಲ್ಲಿ ಮುದುಕಿ ದುಗ್ಗಮ್ಮ ಕೋಲು ಊರಿಕೊಂಡು ಶಾಮಿಯಾನದ ಕಂಬಕ್ಕೆ ಒರಗಿ ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ, ನಾವು ಯಾರೂ ನೋಡಿರಲಿಲ್ಲ. ಗೌಡರು ಸ್ಟೇಜಿನಿಂದ ಇಳಿದು ಹೋಗಿ, ಕೈ ಹಿಡಿದು ಕರೆತಂದು, ಮುಂದಿನ ಸಾಲಿನ ಸೋಫಾದಲ್ಲಿ ಕೂರಿಸಿದರು. ಆಮೇಲೆ ಲೋಲಕ್ಕನ ಕಡೆ ತಿರುಗಿ, "ಈಗ ಆಯ್ತು ಅಕ್ಕ" ಎಂದರು.

ಕಾರ್ಯಕ್ರಮ ಮಾಡುವ ಬಂಧುಗಳೇ, ನಾಡಿದ್ದು ನಿಮ್ಮ ಊರಲ್ಲೂ ಸಭೆ ಇರಬಹುದು. ಕುರ್ಚಿ ಎಷ್ಟು ಎಂದು ಹೇಳುವಾಗ ಗಾಲಿಕುರ್ಚಿಗೆ ಜಾಗ ಎಷ್ಟು ಎಂದೂ ನನ್ನಂಥವನಿಗೆ ಹೇಳಿ. ರ‍್ಯಾಂಪು, ದಾರಿ, ಶೌಚಾಲಯ ಮೂರನ್ನೂ ಹಿಂದಿನ ದಿನವೇ ಅವನ್ನು ಬಳಸುವವರಿಂದಲೇ ನೋಡಿಸಿ. ಏನು ಬೇಕು ಎಂದು ಆಮಂತ್ರಣ ಕೊಡುವಾಗಲೇ ಕೇಳಿ. ಕಿವಿ ಕೇಳದವರು, ಕಣ್ಣು ಕಾಣದವರು ಬೇರೆ ಬೇರೆ ಹೇಳಿಯಾರು, ಬರೆದುಕೊಳ್ಳಿ. ತಯಾರಿ ಎಲ್ಲ ಮುಗಿದು ದೀಪ ಬೆಳಗಿಸುವ ಮೊದಲು ಒಮ್ಮೆ ಸಭೆಯ ಕೊನೆಯವರೆಗೆ ನಡೆದು ಬನ್ನಿ. ಯಾರಾದರೂ ಕಂಬಕ್ಕೆ ಒರಗಿ ನಿಂತಿದ್ದರೆ, ದೀಪ ಐದು ನಿಮಿಷ ಕಾಯಲಿ.